ಏರ್‌ಸಾಫ್ಟ್ ಗನ್: ಯಾವ ಭಾಗ ಯಾವುದರಿಂದ ಮಾಡಿರಬೇಕು?

ಏರ್‌ಸಾಫ್ಟ್ ಆಟಕ್ಕೆ ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಫುಲ್ ಮೆಟಲ್ ತಗೊಳ್ಳಲಾ, ಪ್ಲಾಸ್ಟಿಕ್ ಸಾಕಾ?" ಕೇಳೋದು ಸಹಜ. ಆದರೆ ಹೀಗೆ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗೋದಿಲ್ಲ. ಲೋಹದಲ್ಲಿ ಹತ್ತು ಥರ ಇವೆ, ಪ್ಲಾಸ್ಟಿಕ್ಕಿನಲ್ಲೂ ಹಾಗೇ. ಕೆಲವು ಭಾಗಕ್ಕೆ ಉಕ್ಕು ಬೇಕೇ ಬೇಕು. ಕೆಲವು ಭಾಗ ಪ್ಲಾಸ್ಟಿಕ್ ಆಗಿದ್ದರೇ ಗನ್ ಹೆಚ್ಚು ದಿನ ಬಾಳುತ್ತೆ. ಅದಕ್ಕೇ ಇಲ್ಲಿ ಭಾಗ ಭಾಗವಾಗಿ ನೋಡೋಣ: ಎಲ್ಲಿ ಏನಿರಬೇಕು, ಕೈಯಲ್ಲಿರುವ ಗನ್ನಿನಲ್ಲಿ ಏನಿದೆ ಅಂತ ಗುರುತಿಸೋದು ಹೇಗೆ, ಎಲ್ಲಿ ಮೋಸ ಹೋಗ್ತೀವಿ.

ಗೊತ್ತಿಲ್ಲದವರಿಗೆ ಒಂದು ಮಾತು. ಏರ್‌ಸಾಫ್ಟ್ ಗನ್ ಅಂದರೆ 6 ಮಿ.ಮೀ. ಪ್ಲಾಸ್ಟಿಕ್ ಗುಂಡನ್ನು ಗಾಳಿ ಅಥವಾ ಗ್ಯಾಸಿನ ಒತ್ತಡದಿಂದ ಹೊಡೆಯುವ ಆಟದ ಬಂದೂಕು. ಈ ಗುಂಡಿಗೆ ಬಿಬಿ ಅಂತಾರೆ. ಕೊಳ್ಳೋದು, ಒಯ್ಯೋದು, ಎಷ್ಟು ಶಕ್ತಿ ಇರಬಹುದು ಅನ್ನೋದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು. ನಿಮ್ಮಲ್ಲಿ ಏನಿದೆ ಅಂತ ಮೊದಲು ತಿಳಿದುಕೊಂಡು ಆಮೇಲೆ ಮುಂದುವರಿಯಿರಿ.

ಏನೇನು ಬೇಕು

ಒಂದು ಸಣ್ಣ ಅಯಸ್ಕಾಂತ, ಗ್ರಾಂ ತೋರಿಸುವ ತಕ್ಕಡಿ, ಒಂದು ಟಾರ್ಚು, ಸ್ಕ್ರೂಡ್ರೈವರ್ ಮತ್ತು ಆಲೆನ್ ಕೀ. ಜೊತೆಗೆ ಆ ಮಾಡೆಲ್ಲಿನ ಬಿಡಿಭಾಗಗಳ ಪಟ್ಟಿ. ಪಟ್ಟಿ ಇಲ್ಲದೆ ಬರೀ ಜಾಹೀರಾತು ನೋಡಿ ತೀರ್ಮಾನ ಮಾಡಬೇಡಿ. "ಮೆಟಲ್ ಬಾಡಿ" ಅಂತ ದೊಡ್ಡದಾಗಿ ಬರೆದಿರ್ತಾರೆ, ಯಾವ ಮೆಟಲ್ ಅಂತ ಬರೆದಿರೋದಿಲ್ಲ.

ಗನ್ ಬಿಚ್ಚುವ ಮುಂಚೆ ಮ್ಯಾಗಜಿನ್, ಅಂದರೆ ಬಿಬಿ ತುಂಬುವ ಡಬ್ಬಿ, ತೆಗೆಯಿರಿ. ಯಾರೂ ಇಲ್ಲದ ಸುರಕ್ಷಿತ ಕಡೆಗೆ ಹಿಡಿದು ಒಂದು ಖಾಲಿ ಹೊಡೆತ ಹೊಡೆಯಿರಿ, ನಂತರ ಬ್ಯಾಟರಿ ಬಿಚ್ಚಿ. ಕಣ್ಣು ಕಾಯುವ ಕನ್ನಡಕ ಹಾಕಿಕೊಂಡೇ ಇದನ್ನೆಲ್ಲ ಮಾಡಿ.

ಹಂತ 1: ಗನ್ನಿಗೆ ಶಕ್ತಿ ಎಲ್ಲಿಂದ ಬರುತ್ತೆ ನೋಡಿ

ಯಾವ ವಸ್ತು ಸಾಕು, ಯಾವುದು ಸಾಲದು ಅನ್ನೋದು ಇದರ ಮೇಲೇ ನಿಂತಿದೆ.

ಕೈಯಿಂದ ಎಳೆದು ಹೊಡೆಯುವ ಸ್ಪ್ರಿಂಗ್ ಗನ್‌ನಲ್ಲಿ ಒಂದೊಂದೇ ಹೊಡೆತ. ಭಾಗಗಳಿಗೆ ವಿರಾಮ ಸಿಗುತ್ತೆ. ವಿದ್ಯುತ್ ಗನ್‌ನಲ್ಲಿ ಮೋಟರು ಗೇರ್ ತಿರುಗಿಸುತ್ತೆ, ಗೇರ್ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುತ್ತೆ, ಸ್ಪ್ರಿಂಗ್ ಅದನ್ನು ಮುಂದಕ್ಕೆ ಒಗೆಯುತ್ತೆ. ಇದು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಆಗಬಹುದು. 1991ರಲ್ಲಿ ಜಪಾನಿನ ಟೋಕಿಯೊ ಮರುಯಿ ಕಂಪನಿ ಈ ಥರದ ಗೇರ್‌ಬಾಕ್ಸ್ ಇರುವ ರೈಫಲನ್ನು ಮಾರುಕಟ್ಟೆಗೆ ತಂದಿತು. ಇವತ್ತಿಗೂ ಹೆಚ್ಚಿನ ವಿದ್ಯುತ್ ಗನ್‌ಗಳ ಒಳಗಿನ ವಿನ್ಯಾಸ ಅದರ ವಂಶದ್ದೇ. ಗ್ಯಾಸ್ ಗನ್‌ನಲ್ಲಿ ಮ್ಯಾಗಜಿನ್ನಿನ ಗ್ಯಾಸೇ ಬಿಬಿಯನ್ನೂ ತಳ್ಳಿ, ಮೇಲೆ ಹಿಂದೆ-ಮುಂದೆ ಜಾರುವ ಭಾಗವಾದ ಸ್ಲೈಡನ್ನೂ ಹಿಂದಕ್ಕೆ ದೂಡುತ್ತೆ.

ಶಕ್ತಿಯನ್ನು ಜೌಲ್‌ನಲ್ಲಿ ಹೇಳ್ತಾರೆ. 0.20 ಗ್ರಾಂ ಬಿಬಿ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ ಸರಿಯಾಗಿ 1 ಜೌಲ್. ಜಪಾನಿನಲ್ಲಿ ಮಿತಿ ಸುಮಾರು 0.98 ಜೌಲ್. ಸ್ಪ್ರಿಂಗ್ ಮೇಲೆ ಎಂ100, ಎಂ120 ಅಂತ ಇದ್ದರೆ, 0.20 ಗ್ರಾಂ ಬಿಬಿಗೆ ಅದು ಹೆಚ್ಚುಕಮ್ಮಿ ಕೊಡುವ ವೇಗ, ಸೆಕೆಂಡಿಗೆ ಇಷ್ಟು ಮೀಟರ್, ಅಂತ ತಿಳಿಯಿರಿ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಒಳಗಿನ ಪ್ರತಿ ಭಾಗಕ್ಕೂ ಏಟು ಜಾಸ್ತಿ.

ಹಂತ 2: ಹೊರಗಿನ ಪ್ಲಾಸ್ಟಿಕ್ ಯಾವುದು ಗುರುತಿಸಿ

ಸಾಮಾನ್ಯವಾಗಿ ಎರಡು ಸಿಗುತ್ತವೆ: ಎಬಿಎಸ್ ಮತ್ತು ನೈಲಾನ್ ಫೈಬರ್.

ಎಬಿಎಸ್ ಅಚ್ಚಿಗೆ ಸುಲಭವಾಗಿ ಕೂರುತ್ತೆ, ಅಗ್ಗ, ಬಣ್ಣ ಹಿಡಿಯುತ್ತೆ, ಅಂಚುಗಳು ಚೂಪಾಗಿ ಬರುತ್ತವೆ. ಕಡಿಮೆ ಶಕ್ತಿಯ ಗನ್‌ಗೆ ಧಾರಾಳವಾಗಿ ಸಾಕು. ಆದರೆ ಹಲವು ವರ್ಷ ಬಿಸಿಲು ತಾಗಿದರೆ ಬಣ್ಣ ಕೆಡುತ್ತೆ, ಪೆಡಸಾಗುತ್ತೆ. ತೆಳುವಾದ ಕಡೆ ಜೋರು ಏಟು ಬಿದ್ದರೆ ಬಿರುಕು ಬಿಡುತ್ತೆ.

ನೈಲಾನ್ ಫೈಬರ್ ಅಂದರೆ ಗಾಜಿನ ನಾರು ಬೆರೆಸಿದ ನೈಲಾನ್. ನಾರು ಇರೋದರಿಂದ ಬಾಗೋದು ಕಡಿಮೆ. ನೈಲಾನ್ ಇರೋದರಿಂದ ಏಟು ಬಿದ್ದರೆ ತಡೆದುಕೊಳ್ಳುತ್ತೆ. ನಿಜವಾದ ಪಾಲಿಮರ್ ಪಿಸ್ತೂಲುಗಳ ಫ್ರೇಮು ಕೂಡ ನೈಲಾನ್ ಜಾತಿಯದ್ದೇ. ಮೈದಾನದಲ್ಲಿ ಬೀಳಿಸೋದು, ಗೋಡೆಗೆ ತಾಗಿಸೋದು ಇದ್ದೇ ಇರುತ್ತಲ್ವಾ, ಅಂಥ ಬಳಕೆಗೆ ಅಗ್ಗದ ಲೋಹಕ್ಕಿಂತ ಒಳ್ಳೆ ನೈಲಾನ್ ಬಾಡಿ ಎಷ್ಟೋ ವಾಸಿ. ಇದನ್ನು ನಾನು ಖಂಡಿತವಾಗಿ ಹೇಳ್ತೀನಿ.

ಗುರುತಿಸೋದು ಹೀಗೆ. ಉಗುರಿನಿಂದ ತಟ್ಟಿ. ಎಬಿಎಸ್ ಟಕ್ ಟಕ್ ಅಂತ ಪೊಳ್ಳು ಸದ್ದು ಮಾಡುತ್ತೆ, ನೈಲಾನಿನ ಸದ್ದು ಮಂದ. ಕೈ ಆಡುವ ಜಾಗದಲ್ಲಿ ಎಬಿಎಸ್ ಬೇಗ ಹೊಳಪಾಗುತ್ತೆ. ನೈಲಾನ್ ಮಂಕಾಗಿ, ಸ್ವಲ್ಪ ತರಿತರಿಯಾಗಿ ಇರುತ್ತೆ. ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಹಿಂಡಿ ನೋಡಿ. ಕಿರ್ ಅಂದರೆ ಎರಡು ಅರ್ಧಗಳ ಜೋಡಣೆ ಸಡಿಲ ಇದೆ ಅಂತ ಅರ್ಥ.

ಇಲ್ಲಿ ಹೆಚ್ಚಿನವರು ಗಮನಿಸದ ವಿಷಯ ಸ್ಕ್ರೂ ಕೂರುವ ಜಾಗ. ಪ್ಲಾಸ್ಟಿಕ್ಕಿಗೇ ನೇರವಾಗಿ ಸ್ಕ್ರೂ ಹೊಡೆದಿದ್ದರೆ ನಾಲ್ಕಾರು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸ್ಕ್ರೂ ಕಚ್ಚುವ ಸುರುಳಿ ಗೆರೆ ಸವೆದು ಅದು ಸುಮ್ನೆ ಸುತ್ತುತ್ತೆ. ಒಳಗೆ ಹಿತ್ತಾಳೆ ನಟ್ಟು ಕೂರಿಸಿದ್ದರೆ ತಯಾರಕರು ಮುಂದಿನ ರಿಪೇರಿಯ ಬಗ್ಗೆಯೂ ಯೋಚಿಸಿದ್ದಾರೆ ಅಂತ.

ಹಂತ 3: "ಮೆಟಲ್" ಅಂದರೆ ಯಾವ ಮೆಟಲ್?

ಹಣ ಹೆಚ್ಚು ದಂಡವಾಗೋದು ಇಲ್ಲೇ. ನಿಧಾನವಾಗಿ ಓದಿ.

ಅಗ್ಗದ ಗನ್‌ಗಳಲ್ಲಿ "ಮೆಟಲ್" ಅಥವಾ "ಅಲಾಯ್" ಅಂದರೆ ಬಹುತೇಕ ಸತುವಿನ ಮಿಶ್ರಲೋಹ. ಆಟಗಾರರ ಬಾಯಲ್ಲಿ ಇದು ಪಾಟ್ ಮೆಟಲ್. ಸುಮಾರು 385 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ತೆಳು ಅಚ್ಚಿಗೂ ಚೆನ್ನಾಗಿ ಹರಿಯುತ್ತೆ. ಅಚ್ಚು ಬೇಗ ಸವೆಯೋದಿಲ್ಲ. ಹೀಗಾಗಿ ಸಾವಿರಾರು ಭಾಗಗಳನ್ನು ಕಡಿಮೆ ಖರ್ಚಿನಲ್ಲಿ ಎರಕ ಹೊಯ್ಯಬಹುದು. ತೊಂದರೆ ಇರೋದು ಬಾಳಿಕೆಯಲ್ಲಿ. ಪದೇ ಪದೇ ಏಟು ಬೀಳುವ ಕಡೆ ಬಿರುಕು ಬಿಡುತ್ತೆ. ಒತ್ತಡ ಸದಾ ಇದ್ದರೆ ನಿಧಾನವಾಗಿ ಆಕಾರ ಕಳೆದುಕೊಳ್ಳುತ್ತೆ. ಎರಕದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ತೇವಕ್ಕೆ ಒಳಗಿನಿಂದಲೇ ಉಬ್ಬಿ ಪುಡಿಯಾಗೋದೂ ಉಂಟು. ಇಂಥ ಭಾಗ ಮುರಿದಾಗ ಒಡೆದ ಮುಖ ನೋಡಿ. ಬಾಗಿದ ಗುರುತೇ ಇರೋದಿಲ್ಲ. ಬೂದು ಬಣ್ಣದ ಮೇಲ್ಮೈ ಕಲ್ಲುಪ್ಪಿನ ಹರಳಿನ ಹಾಗೆ ತರಿತರಿಯಾಗಿ ಕಾಣುತ್ತೆ. ಮಧ್ಯೆ ಸಣ್ಣ ಸಣ್ಣ ತೂತು ಕಂಡರೆ ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡಿತ್ತು ಅಂತ.

ಅಲ್ಯೂಮಿನಿಯಂ ಇದಕ್ಕಿಂತ ಹಗುರ, ಬೆಲೆ ಜಾಸ್ತಿ. ಅದರಲ್ಲೂ ಎರಡು ದಾರಿ. ಒಂದು ಎರಕ ಹೊಯ್ದದ್ದು. ಇನ್ನೊಂದು ಗಟ್ಟಿ ದಿಮ್ಮಿಯಿಂದ ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಕೊರೆದದ್ದು, ಅಂದರೆ ಸಿಎನ್‌ಸಿ. ಕೊರೆದದ್ದರ ಅಳತೆ ಕರಾರುವಾಕ್ಕು, ಒಳಗೆ ಗಾಳಿಗುಳ್ಳೆ ಇರೋದಿಲ್ಲ. 6061, 7075 ಅಂತ ನಂಬರ್ ಕಂಡರೆ ಅದು ಮಿಶ್ರಣದ ಜಾತಿ. ಟಿ6 ಅನ್ನುವ ಶಾಖ ಸಂಸ್ಕಾರ ಆಗಿದ್ದರೆ 7075 ಬಾಗದೆ ತಡೆಯುವ ಒತ್ತಡ 6061ರದ್ದಕ್ಕಿಂತ ಹೆಚ್ಚುಕಮ್ಮಿ ದುಪ್ಪಟ್ಟು. ಹಾಗಂತ ಎಲ್ಲಾ ಕಡೆ 7075 ಬೇಕಾಗಿಲ್ಲ. ರಿಸೀವರ್‌ಗೆ, ಅಂದರೆ ಗೇರ್‌ಬಾಕ್ಸನ್ನು ಹೊತ್ತಿರುವ ನಡುಭಾಗಕ್ಕೆ, 6061 ಧಾರಾಳ.

ಉಕ್ಕು ಬೇಕಾಗೋದು ಒಂದಕ್ಕೊಂದು ಉಜ್ಜುವ, ಕೊಕ್ಕೆ ಹಾಕಿ ಬಿಡುವ ಸಣ್ಣ ಭಾಗಗಳಿಗೆ: ಹ್ಯಾಮರ್ ಅಂದರೆ ಟ್ರಿಗರ್ ಒತ್ತಿದಾಗ ಬಂದು ಬಡಿಯುವ ಸುತ್ತಿಗೆ, ಸಿಯರ್ ಅಂದರೆ ಹ್ಯಾಮರನ್ನು ಹಿಡಿದಿಟ್ಟು ಬಿಡುವ ಕೊಕ್ಕೆ, ಪಿನ್ನುಗಳು, ಗೇರ್‌ಗಳು. ಇವು ಸತುವಿನದ್ದಾಗಿದ್ದರೆ ಅಂಚು ದುಂಡಗಾಗಿ ಗನ್ ತಾನಾಗೇ ಹೊಡೆಯೋಕೆ ಶುರುಮಾಡಬಹುದು. ಅದು ಬರೀ ಗುಣಮಟ್ಟದ ಪ್ರಶ್ನೆ ಅಲ್ಲ, ಸುರಕ್ಷತೆಯದ್ದು.

ಈಗ ಪರೀಕ್ಷೆ. ಅಯಸ್ಕಾಂತ ತಾಗಿಸಿ. ಅಂಟಿದರೆ ಉಕ್ಕು. ಅಂಟದಿದ್ದರೆ ಸತು, ಅಲ್ಯೂಮಿನಿಯಂ ಅಥವಾ ಹಿತ್ತಾಳೆ. ಕೆಲವು ಸ್ಟೇನ್‌ಲೆಸ್ ಸ್ಟೀಲ್ ಕೂಡ ಅಂಟೋದಿಲ್ಲ, ನೆನಪಿರಲಿ. ಒಂದೇ ಜಾಗದಲ್ಲಿ ಇಟ್ಟು ನಿರ್ಧರಿಸಬೇಡಿ. ಅಲ್ಯೂಮಿನಿಯಂ ಬಾಡಿಯ ಹಿಂದೆ ಉಕ್ಕಿನ ಪಿನ್ ಇದ್ದರೂ ಅಯಸ್ಕಾಂತ ಎಳೆಯುತ್ತೆ.

ಸತುವೋ ಅಲ್ಯೂಮಿನಿಯಮ್ಮೋ ಅನ್ನೋದಕ್ಕೆ ತಕ್ಕಡಿ ಇದೆ. ಅಲ್ಯೂಮಿನಿಯಂ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ, ಸತುವಿನ ಮಿಶ್ರಲೋಹ ಸುಮಾರು 6.6 ಗ್ರಾಂ. ಅಂದರೆ ಅಲ್ಯೂಮಿನಿಯಂನಲ್ಲಿ 100 ಗ್ರಾಂ ತೂಗುವ ಭಾಗ ಸತುವಿನಲ್ಲಿ 245 ಗ್ರಾಂ ಆಸುಪಾಸು ತೂಗುತ್ತೆ.

ಇಲ್ಲೇ ದೊಡ್ಡ ಹಳ್ಳ ಇರೋದು. ಕೈಗೆ ಭಾರವಾಗಿದ್ದರೆ "ಗಟ್ಟಿ ಮಾಲು" ಅಂತ ಮನಸ್ಸು ಹೇಳುತ್ತೆ. ಸತು ಅಗ್ಗವಾಗಿದ್ದೂ ಭಾರ. ತೂಕ ಬರಲಿ ಅಂತಲೇ ಹಿಡಿಕೆಯೊಳಗೆ ಲೋಹದ ತುಂಡು ಸೇರಿಸಿರೋದೂ ಇದೆ. ಭಾರವನ್ನು ಗುಣಮಟ್ಟ ಅಂತ ನಂಬಬೇಡಿ.

ಸತು ಎಲ್ಲಾ ಕಡೆ ಕೆಟ್ಟದ್ದು ಅಂತಲೂ ಅಲ್ಲ. ಗುರಿ ನೋಡುವ ಸೈಟ್, ಗ್ಯಾಸ್ ಮ್ಯಾಗಜಿನ್ನಿನ ಮೈ, ಟ್ರಿಗರ್ ಗಾರ್ಡ್, ಇಂಥ ಕಡೆ ಪರವಾಗಿಲ್ಲ. ಹೊರ ಬ್ಯಾರಲ್ ಬಂದು ಸೇರುವ ಕೀಲು, ಹೆಗಲ ಪಟ್ಟಿ ಸಿಕ್ಕಿಸುವ ಕೊಂಡಿ, ಭುಜಕ್ಕೆ ಆನಿಸುವ ಸ್ಟಾಕ್ ಜೋಡಿಸುವ ಜಾಗ, ಇಲ್ಲಿ ಸತು ಕಂಡರೆ ಎರಡು ಸಲ ಯೋಚಿಸಿ.

ಹಂತ 4: ಗೇರ್‌ಬಾಕ್ಸ್ ಒಳಗೆ

ವಿದ್ಯುತ್ ಗನ್ ತಗೊಳ್ಳೋರಿಗೆ ಹೊರಮೈಗಿಂತ ಇದು ಮುಖ್ಯ. ಹೊರಗೆ ಸಾಧಾರಣ ಎಬಿಎಸ್, ಒಳಗೆ ಒಳ್ಳೆ ಉಕ್ಕು ಇರುವ ಗನ್ ನಿಮ್ಮ ಕೈ ಬಿಡೋದಿಲ್ಲ. ಇದನ್ನು ಉಲ್ಟಾ ಮಾಡಿ ಕೊಂಡವರು ಮೊದಲ ವರ್ಷವೇ ರಿಪೇರಿಗೆ ಅಲೆಯುತ್ತಾರೆ.

ಕವಚ: ಹೆಚ್ಚಾಗಿ ಎರಕದ ಸತುವೇ. ಎಂ100 ಆಸುಪಾಸಿನ ಸ್ಪ್ರಿಂಗಿಗೆ ನಡೆಯುತ್ತೆ. ಎಂ4 ರೈಫಲ್ ಮಾದರಿಗಳಲ್ಲಿ ಬರುವ, ವರ್ಶನ್ 2 ಅನ್ನುವ ಕವಚ ಮುರಿಯೋದು ಮುಂಭಾಗದಲ್ಲಿ, ಸಿಲಿಂಡರ್ (ಪಿಸ್ಟನ್ ಓಡಾಡುವ ಕೊಳವೆ) ಪಕ್ಕದ ತೆಳು ಗೋಡೆಯಲ್ಲಿ. ಪಿಸ್ಟನ್ ಪ್ರತಿ ಸಲ ಬಂದು ಗುದ್ದೋದು ಅಲ್ಲಿಗೇ. ಸಿಲಿಂಡರ್ ಕಾಣುವ ಕಿಂಡಿಯ ಮೂಲೆಗಳು ಚೌಕವಾಗಿದ್ದರೆ ಒತ್ತಡ ಮೂಲೆಯಲ್ಲೇ ಸೇರಿ ಬಿರುಕು ಅಲ್ಲಿಂದ ಹೊರಡುತ್ತೆ. ಮೂಲೆ ದುಂಡಗಿರುವ ಕವಚ ಸಿಕ್ಕರೆ ಅದನ್ನೇ ಆರಿಸಿ.

ಗೇರ್: ಮೂರು ಥರ ಸಿಗುತ್ತವೆ. ಎರಕದ್ದು ಎಲ್ಲಕ್ಕಿಂತ ಅಗ್ಗ. ಸಿಂಟರ್ಡ್ ಅಂದರೆ ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕರಗದಷ್ಟು ಬಿಸಿ ಮಾಡಿ ಗಟ್ಟಿಗೊಳಿಸಿದ್ದು. ಚೆನ್ನಾಗಿ ಮಾಡಿದ್ದರೆ ಸಾಮಾನ್ಯ ಆಟಕ್ಕೆ ಇದೇ ಸಾಕು. ಸಿಎನ್‌ಸಿ ಉಕ್ಕಿನದ್ದು ಗಟ್ಟಿ ಸ್ಪ್ರಿಂಗಿಗೆ. ಎಷ್ಟೇ ಒಳ್ಳೆ ಗೇರ್ ಆದರೂ ಸರಿಯಾಗಿ ಶಿಮ್ ಮಾಡದಿದ್ದರೆ, ಅಂದರೆ ತೆಳು ವಾಷರ್ ಹಾಕಿ ಅಂತರ ಸರಿಪಡಿಸದಿದ್ದರೆ, ಹಲ್ಲು ತಿಂದುಹೋಗುತ್ತೆ.

ಬುಶಿಂಗ್: ಗೇರಿನ ನಡುವಿನ ಕಡ್ಡಿ ತಿರುಗುವ ಬಳೆ. ಪ್ಲಾಸ್ಟಿಕ್ಕಿನದ್ದು ಬೇಗ ಸವೆಯುತ್ತೆ. ಉಕ್ಕಿನ ಗಟ್ಟಿ ಬುಶಿಂಗ್ ನನ್ನ ಆಯ್ಕೆ. ಬಾಲ್ ಬೇರಿಂಗ್ ನುಣುಪಾಗಿ ಓಡುತ್ತೆ ನಿಜ. ಅಗ್ಗದ ಬೇರಿಂಗ್ ಒಡೆದರೆ ಅದರ ಗುಂಡುಗಳು ಗೇರಿನ ಮಧ್ಯೆ ಬಿದ್ದು ಇಡೀ ಸೆಟ್ ಹಾಳಾಗುತ್ತೆ.

ಪಿಸ್ಟನ್: "ಲೋಹ ಇದ್ದಷ್ಟೂ ಒಳ್ಳೆಯದು" ಅನ್ನೋ ಲೆಕ್ಕ ತಲೆಕೆಳಗಾಗೋದು ಇಲ್ಲಿ. ಪಿಸ್ಟನ್ನಿನ ಮೈ ಪಾಲಿಕಾರ್ಬೊನೇಟ್ ಅಥವಾ ನೈಲಾನ್ ಆಗಿರಬೇಕು. ಹಗುರವಾಗಿರೋದರಿಂದ ಬೇಗ ಮುಂದಕ್ಕೆ ಹೋಗುತ್ತೆ, ಕವಚಕ್ಕೆ ಗುದ್ದುವ ಏಟೂ ಕಡಿಮೆ. ಪೂರ್ತಿ ಅಲ್ಯೂಮಿನಿಯಂ ಪಿಸ್ಟನ್ ಹಾಕಿದರೆ ಆ ಏಟೆಲ್ಲ ಕವಚದ ಮುಂಭಾಗಕ್ಕೆ ಹೋಗುತ್ತೆ. ಇನ್ನೊಂದು ಲಾಭವೂ ಇದೆ: ಎಲ್ಲೋ ಸಿಕ್ಕಿಕೊಂಡಾಗ ಮೊದಲು ಸವೆಯೋದು ಪ್ಲಾಸ್ಟಿಕ್ ಹಲ್ಲು. ದುಬಾರಿ ಗೇರ್ ಉಳಿಯುತ್ತೆ.

ಹಲ್ಲುಗಳ ಮಾತು ಬೇರೆ. ಗೇರ್ ಮೊದಲು ತಾಗುವ ಹಲ್ಲಿಗೆ ಡಿಕ್ಕಿ ಹೊಡೆದ ಏಟು. ಕೊನೆಗೆ ಬಿಡುವ ಹಲ್ಲಿಗೆ ಪೂರ್ತಿ ಒತ್ತಿದ ಸ್ಪ್ರಿಂಗಿನ ಭಾರ. ಅದಕ್ಕೇ ಕೆಲವು ಪಿಸ್ಟನ್‌ನಲ್ಲಿ ಒಂದು ಹಲ್ಲು, ಕೆಲವದರಲ್ಲಿ ಅರ್ಧ, ಕೆಲವದರಲ್ಲಿ ಎಲ್ಲಾ ಹಲ್ಲು ಉಕ್ಕಿನದ್ದು ಇರುತ್ತವೆ. ಗಟ್ಟಿ ಸ್ಪ್ರಿಂಗ್ ಹಾಕುವವರಿಗೆ ಎಲ್ಲಾ ಹಲ್ಲು ಉಕ್ಕಿನದ್ದಿರಲಿ. ಗೇರ್‌ಬಾಕ್ಸ್ ಬಿಚ್ಚಿದಾಗ ಟಾರ್ಚು ಹಿಡಿದು ಈ ಎರಡು ತುದಿಯ ಹಲ್ಲುಗಳನ್ನು ನೋಡಿ. ಅಂಚು ಬೆಳ್ಳಗಾಗಿದ್ದರೆ, ಒಂದು ಪಕ್ಕ ಒರಗಿದ್ದರೆ, ಪಕ್ಕದ ಗ್ರೀಸಿನಲ್ಲಿ ಪ್ಲಾಸ್ಟಿಕ್ ತುಣುಕು ಕಂಡರೆ ಈಗಲೇ ಬದಲಾಯಿಸಿ.

ಸಿಲಿಂಡರ್ ಹಿತ್ತಾಳೆಯದ್ದೋ ಸ್ಟೇನ್‌ಲೆಸ್ಸೋ ಎರಡೂ ಸರಿ. ಒಳಗೆ ಗೀರು ಇರಬಾರದು, ಅಷ್ಟೇ.

ಹಂತ 5: ಗ್ಯಾಸ್ ಪಿಸ್ತೂಲಾದರೆ ಸ್ಲೈಡ್ ನೋಡಿ

ಪಿಸ್ತೂಲಿನ ಆಕಾರದ ಲೋಹದ ನಕಲುಗಳಿಗೆ ಜಪಾನಿನಲ್ಲಿ ಬಿಗಿ ಕಾನೂನು ಇದೆ. ಅದಕ್ಕೇ ಅಲ್ಲಿನ ಪಿಸ್ತೂಲುಗಳಲ್ಲಿ ಎಬಿಎಸ್ ಸ್ಲೈಡ್. ಅಗ್ಗಕ್ಕೆ ಮಾಡಿದ್ದು ಅಂತ ಅದನ್ನು ಕಡೆಗಣಿಸಬೇಡಿ. ಹಗುರ ಸ್ಲೈಡ್ ಬೇಗ ಹಿಂದೆ ಹೋಗಿ ಬೇಗ ಮುಂದೆ ಬರುತ್ತೆ, ಗ್ಯಾಸ್ ಉಳಿಯುತ್ತೆ, ಚಳಿಯಲ್ಲೂ ಕೆಲಸ ಮಾಡುತ್ತೆ.

ಷರತ್ತು ಒಂದೇ: ಗ್ಯಾಸ್ ಸರಿಯಾದದ್ದಿರಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 134ಎ ಅನ್ನುವ ಗ್ಯಾಸಿನ ಒತ್ತಡ 6 ಬಾರ್‌ಗೆ ಹತ್ತಿರ. ಗ್ರೀನ್ ಗ್ಯಾಸ್ ಅಂತ ಮಾರೋದು ಹೆಚ್ಚಾಗಿ ಸಿಲಿಕೋನ್ ಎಣ್ಣೆ ಬೆರೆಸಿದ ಪ್ರೊಪೇನ್, ಅದು 8 ಬಾರ್ ದಾಟುತ್ತೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಒಳಗಿನ ಒತ್ತಡ ಸುಮಾರು 57 ಬಾರ್. 134ಎಗೆ ಅಂತ ಮಾಡಿದ ಪ್ಲಾಸ್ಟಿಕ್ ಸ್ಲೈಡಿಗೆ ಬಲವಾದ ಗ್ಯಾಸ್ ಹಾಕುತ್ತಾ ಹೋದರೆ ನಿಜವಾದ ಪಿಸ್ತೂಲಿನಲ್ಲಿ ಖಾಲಿ ತೋಟೆ ಹೊರಬೀಳುವ ಕಿಂಡಿಯ ಸುತ್ತ ಬಿರುಕು ಬರುತ್ತೆ. ಹಿಂದೆ ಹಾರುವ ತುಂಡು ನಿಮ್ಮ ಮುಖದ ಕಡೆಗೇ ಬರೋದು.

ಲೋಹದ ಸ್ಲೈಡ್ ಬೇಕೇ ಬೇಕು ಅನ್ನೋರು ಅಲ್ಯೂಮಿನಿಯಂ ಆರಿಸಿ. ಸತುವಿನ ಭಾರಕ್ಕೆ ಸ್ಲೈಡ್ ನಿಧಾನವಾಗುತ್ತೆ, ಬಿಬಿಯನ್ನು ಬ್ಯಾರಲ್ಲಿಗೆ ತಳ್ಳುವ ಒಳಗಿನ ನಾಜಲ್ ಒಡೆಯುತ್ತೆ. ಪ್ಲಾಸ್ಟಿಕ್ ಸ್ಲೈಡ್ ಇದ್ದ ಗನ್ನಿಗೆ ಲೋಹದ್ದು ಹಾಕುವಾಗ ಅದನ್ನು ವಾಪಸ್ ತಳ್ಳುವ ಸ್ಪ್ರಿಂಗನ್ನೂ ಗಟ್ಟಿಯದಕ್ಕೆ ಬದಲಾಯಿಸಿ. ಬರೀ ಸ್ಲೈಡ್ ಬದಲಾಯಿಸಿ ಸುಮ್ಮನಾದರೆ ಪೂರ್ತಿ ಮುಚ್ಚಿಕೊಳ್ಳದೆ ಅರ್ಧದಲ್ಲೇ ನಿಲ್ಲುತ್ತೆ.

ಹಂತ 6: ಒಳ ಬ್ಯಾರಲ್ ಮತ್ತು ಹಾಪ್-ಅಪ್ ರಬ್ಬರ್

ಗುರಿ ತಪ್ಪೋದು, ತಪ್ಪದಿರೋದು ಇಲ್ಲೇ ತೀರ್ಮಾನ ಆಗೋದು. ಬಾಡಿ ಯಾವುದಾದರೂ ಬಿಬಿಗೆ ಗೊತ್ತಾಗೋದಿಲ್ಲ.

ಒಳ ಬ್ಯಾರಲ್ ಅಲ್ಯೂಮಿನಿಯಂನದ್ದಾದರೆ ಬೇಗ ಗೀರು ಬೀಳುತ್ತೆ. ಹಿತ್ತಾಳೆ ಕೊರೆಯೋಕೆ, ನುಣುಪು ಮಾಡೋಕೆ ಸುಲಭ, ತುಕ್ಕು ಹಿಡಿಯೋದಿಲ್ಲ. ಸ್ಟೇನ್‌ಲೆಸ್ ಎಲ್ಲಕ್ಕಿಂತ ಗಡಸು. ಆದರೆ ಒರಟಾಗಿ ಕೊರೆದ ಸ್ಟೇನ್‌ಲೆಸ್‌ಗಿಂತ ನುಣುಪಾದ ಹಿತ್ತಾಳೆ ನೂರು ಪಾಲು ಮೇಲು. ಬ್ಯಾರಲನ್ನು ಗನ್ನಿನಿಂದ ಹೊರಗೆ ತೆಗೆದು, ಒಂದು ತುದಿಗೆ ಟಾರ್ಚು ಹಿಡಿದು ಇನ್ನೊಂದು ತುದಿಯಿಂದ ನೋಡಿ. ಬೆಳಕು ದುಂಡನೆಯ ಬಳೆಬಳೆಯಾಗಿ, ಎಲ್ಲೂ ಕದಡದೆ ಕಾಣಬೇಕು. ಉದ್ದಕ್ಕೆ ಗೆರೆ, ಕಪ್ಪು ಚುಕ್ಕೆ ಕಂಡರೆ ಮೊದಲು ಒರೆಸಿ ನೋಡಿ. ಹೋಗದಿದ್ದರೆ ಅದು ಗೀರು. ಗನ್ನಿನೊಳಗೆ ಇರುವ ಬ್ಯಾರಲ್‌ಗೆ ಎಂದೂ ಕಣ್ಣಿಡಬೇಡಿ.

ಬಿಬಿಯ ನಿಜವಾದ ಅಳತೆ ಸುಮಾರು 5.95 ಮಿ.ಮೀ. ಸಾಮಾನ್ಯ ಬ್ಯಾರಲ್ಲಿನ ಒಳ ಅಗಲ 6.08, ಬಿಗಿ ಬ್ಯಾರಲ್ಲಿನದ್ದು 6.03. ಇನ್ನೂ ಬಿಗಿ ಅಂತ 6.01ಕ್ಕೆ ಹೋದರೆ ಸ್ವಲ್ಪ ಧೂಳಿಗೂ ಬಿಬಿ ಸಿಕ್ಕಿಕೊಳ್ಳುತ್ತೆ.

ಹಾಪ್-ಅಪ್ ಅಂದರೆ ಬಿಬಿಗೆ ಹಿಮ್ಮುಖ ಸುತ್ತು ಕೊಡುವ ವ್ಯವಸ್ಥೆ. ಆ ಸುತ್ತಿನಿಂದಲೇ ಬಿಬಿ ಬೇಗ ನೆಲ ಕಚ್ಚದೆ ದೂರ ಹೋಗೋದು. ಕೆಲಸ ಮಾಡೋದು ಒಂದು ಸಣ್ಣ ರಬ್ಬರ್ ಕೊಳವೆ, ಬಕಿಂಗ್ ಅಂತ ಹೆಸರು. ರಬ್ಬರಿನ ಗಡಸುತನ 50, 60, 70 ಡಿಗ್ರಿ ಅಂತ ಬರೆದಿರುತ್ತೆ. 1 ಜೌಲ್ ಆಸುಪಾಸಿಗೆ 50 ಅಥವಾ 60, ಶಕ್ತಿ ಜಾಸ್ತಿಯಾದರೆ 70. ಸಿಲಿಕೋನಿನದ್ದು ಚಳಿಯಲ್ಲೂ ಮೆತ್ತಗೇ ಇರುತ್ತೆ. ಹಣ ಸ್ವಲ್ಪವೇ ಇದ್ದರೆ ಮೊದಲು ಖರ್ಚು ಮಾಡಬೇಕಾದ್ದು ಈ ರಬ್ಬರ್ ಮತ್ತು ಒಳ್ಳೆ ಬಿಬಿ ಮೇಲೆ.

ಹಂತ 7: ವಸ್ತುವಿಗೆ ತಕ್ಕ ಆರೈಕೆ

ಎಬಿಎಸ್ ಮತ್ತು ಪಾಲಿಕಾರ್ಬೊನೇಟಿಗೆ ಥಿನ್ನರ್, ಅಸಿಟೋನ್, ಬ್ರೇಕ್ ಕ್ಲೀನರ್ ತಾಗಿಸಬೇಡಿ. ಎಬಿಎಸ್ ಅಸಿಟೋನಿಗೆ ಕರಗುತ್ತೆ, ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತೆ. ಕಣ್ಣು ಕಾಯುವ ಕನ್ನಡಕದ ಗಾಜೂ ಸಾಮಾನ್ಯವಾಗಿ ಪಾಲಿಕಾರ್ಬೊನೇಟೇ. ಅದನ್ನು ಸೋಪು ನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸ್ಕ್ರೂ ಸಡಿಲವಾಗದ ಹಾಗೆ ಹಾಕುವ ಥ್ರೆಡ್‌ಲಾಕರ್ ಅಂಟು ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ. ಪ್ಲಾಸ್ಟಿಕ್ಕಿಗೆ ಸೋರಿದರೆ ಕೆಲವೇ ದಿನದಲ್ಲಿ ಸ್ಕ್ರೂ ಸುತ್ತ ಸೀಳು ಕಾಣುತ್ತೆ. ಯಾಕೆ ಬಿರುಕು ಬಂತು ಅಂತ ಕೇಳುವ ಹಲವರಿಗೆ ಉತ್ತರ ಇದೇ.

ಓ-ರಿಂಗ್, ಸೀಲ್‌ಗಳಿಗೆ ಸಿಲಿಕೋನ್ ಎಣ್ಣೆ ಒಂದೆರಡು ಹನಿ. ತುಕ್ಕು ಬಿಡಿಸುವ ಸ್ಪ್ರೇ, ಮೆಷಿನ್ ಆಯಿಲ್ ಎಲ್ಲ ರಬ್ಬರಿಗೂ ಆಗಿಬರೋದಿಲ್ಲ. ಯಾವ ರಬ್ಬರ್ ಅಂತ ಗೊತ್ತಿಲ್ಲದಿದ್ದರೆ ಹಾಕಬೇಡಿ. ಬಕಿಂಗ್ ಒಳಗೆ ಮಾತ್ರ ಎಣ್ಣೆ ಹೋಗಲೇಬಾರದು. ಜಾರಿದರೆ ಬಿಬಿಗೆ ಸುತ್ತು ಸಿಗೋದಿಲ್ಲ. ಸಿಲಿಕೋನ್ ಬಕಿಂಗ್ ಆದರೆ ಸಿಲಿಕೋನ್ ಎಣ್ಣೆ ಹೀರಿ ಉಬ್ಬುತ್ತೆ ಕೂಡ.

ಉಕ್ಕಿನ ಭಾಗ ಒದ್ದೆಯಾದರೆ ಅವತ್ತೇ ಒರೆಸಿ ತೆಳುವಾಗಿ ಎಣ್ಣೆ ಸವರಿ. ಲೋಹದ ಬಿಬಿ, ಗಾಜಿನ ಬಿಬಿ ಯಾವ ಏರ್‌ಸಾಫ್ಟ್ ಗನ್ನಿಗೂ ಬೇಡ. ಬ್ಯಾರಲ್ ಹಾಳಾಗೋದು ಸಣ್ಣ ಮಾತು, ಎದುರಿನವರ ಕಣ್ಣು ಹೋಗುತ್ತೆ. ಗನ್ ಎತ್ತಿಡುವಾಗ ಸ್ಪ್ರಿಂಗ್ ಒತ್ತಿಕೊಂಡಿರದೆ ಸಡಿಲವಾಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಗ್ಯಾಸ್ ಮ್ಯಾಗಜಿನ್‌ನಲ್ಲಿ ಸೀಲ್ ಒಣಗದ ಹಾಗೆ ಚೂರು ಗ್ಯಾಸ್ ಇರಲಿ. ಹಾಪ್-ಅಪ್ ಪೂರ್ತಿ ಹಿಂದಕ್ಕೆ ತಿರುಗಿಸಿಡಿ, ಇಲ್ಲದಿದ್ದರೆ ತಿಂಗಳುಗಟ್ಟಲೆ ಒತ್ತಿಕೊಂಡ ರಬ್ಬರ್ ಅದೇ ಆಕಾರದಲ್ಲಿ ಕೂತುಬಿಡುತ್ತೆ.